ಅಪ್ಪನ ಬಲಗೈಗೆ ಕನ್ನಡಿ ಥೆರಪಿ: ನಿಜಕ್ಕೂ ಕೆಲಸ ಮಾಡುತ್ತಾ?

ನಿದ್ದೆಗೆಟ್ಟ ಮಗಳು
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಸ್ಟ್ರೋಕ್ ಆಗಿ ನಾಲ್ಕು ತಿಂಗಳಾಯಿತು. ಮೆದುಳಿನ ಎಡಭಾಗದಲ್ಲಿ ರಕ್ತನಾಳ ಕಟ್ಟಿಕೊಂಡಿತ್ತು. ಕಾಲು ಪರವಾಗಿಲ್ಲ, ಕೋಲು ಹಿಡಿದು ನಡೆಯುತ್ತಾರೆ. ಮಾತು ಸ್ವಲ್ಪ ತೊದಲು, ಆದರೆ ಅರ್ಥ ಆಗುತ್ತದೆ. ಬಲಗೈ ಮಾತ್ರ ಸ್ವಾಧೀನಕ್ಕೆ ಬಂದಿಲ್ಲ. ಭುಜ ಸ್ವಲ್ಪ ಎತ್ತುತ್ತಾರೆ. ಬೆರಳು ಮುಚ್ಚಿದರೆ ಮುಚ್ಚಿದ್ದೇ, ಬಿಡಿಸಲು ಆಗುವುದಿಲ್ಲ.

ಹೋದ ವಾರ ಫಿಸಿಯೋ ಒಂದು ಕನ್ನಡಿ ತಂದು ಮೇಜಿನ ಮಧ್ಯೆ ನಿಲ್ಲಿಸಿದರು. ಬಲಗೈ ಕನ್ನಡಿಯ ಹಿಂದೆ, ಎಡಗೈ ಮುಂದೆ. ಎಡಗೈ ಆಡಿಸುತ್ತಾ ಕನ್ನಡಿಯೊಳಗೆ ನೋಡಿ, ಅದೇ ನಿಮ್ಮ ಬಲಗೈ ಅಂದುಕೊಳ್ಳಿ ಎಂದರು. ಅಪ್ಪ ಎರಡು ನಿಮಿಷ ನೋಡಿದರು. ಆಮೇಲೆ, "ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಕೈ ಆಡಲ್ಲ ಅಂತ ನನಗೆ ಗೊತ್ತು, ಅದನ್ನ ಕನ್ನಡಿ ಬೇರೆ ತೋರಿಸಬೇಕಾ" ಅಂದು ಮುಖ ತಿರುಗಿಸಿಬಿಟ್ಟರು.

ಮನೆಯಲ್ಲಿ ದಿನಾ ಮಾಡಿಸಬೇಕಂತೆ. ಇದರಿಂದ ಯಾರಿಗಾದರೂ ಉಪಯೋಗ ಆಗಿದೆಯಾ? ಅಥವಾ ಸುಮ್ನೆ ಸಮಾಧಾನಕ್ಕೆ ಹೇಳುತ್ತಾರಾ?

ಎಡಗೈ ಬರಹಗಾರ
ನಿಮ್ಮ ಅಪ್ಪ ಹೇಳಿದ ಗಾದೆ ಓದಿ ಜೋರಾಗಿ ನಕ್ಕುಬಿಟ್ಟೆ. ಸ್ಟ್ರೋಕ್ ಆದ ಮೇಲೆ ನನ್ನ ನಗು ಬೇಗ ನಿಲ್ಲುವುದಿಲ್ಲ, ತಪ್ಪು ತಿಳಿಯಬೇಡಿ.

ನನಗೂ ಬಲಗೈಯೇ ಹೋಗಿದ್ದು. ಮೂರು ವರ್ಷ ಆಯಿತು. ಕನ್ನಡಿ ಮಾಡಿದ್ದೇನೆ. ಮೊದಲ ವಾರ ಏನೂ ಅನ್ನಿಸಲಿಲ್ಲ. ಎರಡನೇ ವಾರ ಬೇಜಾರಾಗಿ ಬಿಟ್ಟೆ. ಹೆಂಡತಿ ಬೈದ ಮೇಲೆ ಮತ್ತೆ ಶುರು ಮಾಡಿದೆ. ಒಂದು ದಿನ ಎಡಗೈ ಬೆರಳುಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಾಗ ಕನ್ನಡಿಯ ಹಿಂದಿದ್ದ ಬಲಗೈಯಲ್ಲಿ ಜೋಮು ಬಿಟ್ಟ ಹಾಗೆ ಜುಂ ಅಂದಿತು. ಗಾಬರಿಯಾಗಿ ಕನ್ನಡಿ ಎತ್ತಿ ನೋಡಿದೆ. ಕೈ ಹಾಗೇ ಬಿದ್ದಿತ್ತು, ಒಂದು ಕೂದಲೂ ಆಡಿರಲಿಲ್ಲ. ಆದರೆ ಅಲ್ಲಿ ಒಂದು ಕೈ ಇದೆ ಅಂತ ಎಷ್ಟೋ ದಿನದ ಮೇಲೆ ಅನ್ನಿಸಿದ್ದು ಅವತ್ತೇ.

ಈಗ ಲೋಟ ಹಿಡಿಯುತ್ತೇನೆ. ಅಂಗಿ ಗುಂಡಿ ಹಾಕಲು ಆಗುವುದಿಲ್ಲ. ಬರೆಯುವುದು ಎಡಗೈಯಲ್ಲೇ, ಹೆಸರೇ ಹೇಳುತ್ತದಲ್ಲ.

ಸಂಶಯ ಪಿಶಾಚಿ
ಮೂರು ವರ್ಷದಲ್ಲಿ ಲೋಟ ಹಿಡಿಯುವುದು ಕನ್ನಡಿ ಇಲ್ಲದೆಯೂ ಬರಬಹುದಿತ್ತಲ್ವಾ? ಸ್ಟ್ರೋಕ್ ಆದ ಮೊದಲ ತಿಂಗಳುಗಳಲ್ಲಿ ಮೆದುಳು ತಾನಾಗಿಯೇ ಒಂದಿಷ್ಟು ಸುಧಾರಿಸಿಕೊಳ್ಳುತ್ತದೆ. ಆ ಹೊತ್ತಿಗೆ ಕನ್ನಡಿ ಇಟ್ಟಿದ್ದರೆ ಕನ್ನಡಿಗೆ ಕೀರ್ತಿ, ಎಣ್ಣೆ ಹಚ್ಚಿದ್ದರೆ ಎಣ್ಣೆಗೆ ಕೀರ್ತಿ.

ಇನ್ನೊಂದು ಮಾತು. ಈ ಕನ್ನಡಿ ಬಂದಿದ್ದೇ ಕೈ ಕಳೆದುಕೊಂಡವರಿಗಾಗಿ. ಮೆದುಳು ವಿಜ್ಞಾನಿ ವಿ.ಎಸ್. ರಾಮಚಂದ್ರನ್ ಮಾಡಿದ್ದು. ಕತ್ತರಿಸಿದ ಕೈ ಇನ್ನೂ ಇದ್ದ ಹಾಗೆ ಅನ್ನಿಸಿ, ಅದು ಮುಷ್ಟಿ ಕಟ್ಟಿಕೊಂಡು ನೋಯುತ್ತಿದೆ ಅನ್ನುವವರಿಗೆ. ಸ್ಟ್ರೋಕ್‌ಗೂ ಅದಕ್ಕೂ ಏನು ಸಂಬಂಧ?

ಫಿಸಿಯೋ ಅಕ್ಕ
ಸಂಬಂಧ ಇದೆ. ರಾಮಚಂದ್ರನ್ ಅವರ ಕನ್ನಡಿ ಪೆಟ್ಟಿಗೆಯ ಲೇಖನ 1996ರದ್ದು, ಅದು ಇಲ್ಲದ ಕೈಯ ನೋವಿನ ಬಗ್ಗೆ, ಸರಿ. ಆದರೆ 1999ರಲ್ಲಿ ಅವರೂ ಇದ್ದ ತಂಡವೇ ಸ್ಟ್ರೋಕ್ ಆದ ಒಂಬತ್ತು ಜನರ ಮೇಲೆ ಇದನ್ನು ನೋಡಿ 'ಲ್ಯಾನ್ಸೆಟ್' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆಯಿತು. ಅದರಲ್ಲಿ ನಿಮ್ಮಂಥ ಸಂಶಯದವರಿಗೂ ಉತ್ತರ ಇತ್ತು. ಸ್ವಲ್ಪ ದಿನ ಕನ್ನಡಿ, ಸ್ವಲ್ಪ ದಿನ ಕನ್ನಡಿಯ ಜಾಗದಲ್ಲಿ ಆಚೆ ಕಾಣುವ ಪ್ಲಾಸ್ಟಿಕ್ ಹಾಳೆ. ವ್ಯಾಯಾಮ ಅದೇ. ಕನ್ನಡಿ ಇದ್ದಾಗ ಹೆಚ್ಚು ಸುಧಾರಣೆ ಕಂಡಿತು.

ಸಂಶಯ ಪಿಶಾಚಿ
ಒಂಬತ್ತು ಜನ! ನಮ್ಮ ಮನೆ ಮದುವೆಯಲ್ಲಿ ಒಂದು ಸಾಲಿನಲ್ಲಿ ಕೂತಿದ್ದು ಇದಕ್ಕಿಂತ ಜಾಸ್ತಿ.

ಫಿಸಿಯೋ ಅಕ್ಕ
ಅದು ಶುರು ಅಷ್ಟೇ ಮಾರಾಯರೇ. ಅಧ್ಯಯನಗಳನ್ನು ಒಟ್ಟುಮಾಡಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2018ರ ಪರಿಶೀಲನೆ ನೋಡಿ. 62 ಅಧ್ಯಯನ, 1982 ಜನ. ಕೈಕಾಲಿನ ಚಲನೆ ಸುಧಾರಿಸುತ್ತದೆ, ದಿನದ ಕೆಲಸಗಳಲ್ಲೂ ಉಪಯೋಗ ಆಗುತ್ತದೆ ಅನ್ನುವುದಕ್ಕೆ ಮಧ್ಯಮ ಮಟ್ಟದ ಪುರಾವೆ ಇದೆ ಎಂದರು. ನೋವು ಕಡಿಮೆಯಾಗುವುದಕ್ಕೂ ಪುರಾವೆ ಇದೆ, ಆದರೆ ಅದು ಅಷ್ಟು ಗಟ್ಟಿಯಲ್ಲ. ಒಂದು ಕಡೆಯ ಪರಿವೆಯೇ ಇಲ್ಲದಿರುವ ತೊಂದರೆಗೆ ಸ್ಪಷ್ಟ ಲಾಭ ಕಾಣಲಿಲ್ಲ. ಪವಾಡ ಅಂತ ಯಾರೂ ಹೇಳಿಲ್ಲ. ಬೇರೆ ವ್ಯಾಯಾಮದ ಜೊತೆಗೆ ಇದೂ ಒಂದು, ಅದರ ಬದಲಿಗೆ ಅಲ್ಲ.

ಎರಡನೇ ಇನ್ನಿಂಗ್ಸ್
ಲೆಕ್ಕ ಆಮೇಲೆ. ಮಗಳೇ, ನಿಮ್ಮ ಅಪ್ಪ ಮುಖ ತಿರುಗಿಸಿದ್ದು ಯಾಕೆ ಅಂತ ಕೇಳಿದಿರಾ? ನಾನೂ ತಿರುಗಿಸಿದ್ದೆ. ಕನ್ನಡಿಯಲ್ಲಿ ಎರಡು ಕೈಯೂ ಸರಿಯಾಗಿ ಆಡುವುದು ಕಂಡಾಗ ನನಗೆ ಖುಷಿ ಆಗಲಿಲ್ಲ, ಅಳು ಬಂತು. ಹೋದ ಮನುಷ್ಯ ಬಾಗಿಲಲ್ಲಿ ಬಂದು ನಿಂತ ಹಾಗಿತ್ತು.

ನಿದ್ದೆಗೆಟ್ಟ ಮಗಳು
ಕೇಳಿದೆ. ನಿನ್ನೆ ರಾತ್ರಿ ಹೇಳಿದರು. ಕಾರಣ ನಾನು ಅಂದುಕೊಂಡಿದ್ದೇ ಅಲ್ಲ. ಅಪ್ಪನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಹಳೆಯ ಗಾಯದ ಗುರುತಿದೆ. ಚಿಕ್ಕವರಿದ್ದಾಗ ಕುಡುಗೋಲು ತಾಗಿದ್ದು. ಕನ್ನಡಿಯಲ್ಲಿ ಆ ಗುರುತು "ಬಲಗೈ" ಮೇಲೆ ಕಾಣುತ್ತದೆ. "ಅದು ನನ್ನ ಕೈ ಅಲ್ಲ, ನನ್ನ ಬಲಗೈಯಲ್ಲಿ ಗಾಯ ಇಲ್ಲ. ಯಾರದೋ ಕೈ ತೋರಿಸಿ ನನ್ನದು ಅನ್ನು ಅಂದರೆ ಹೇಗೆ?" ಅಂದರು. ಎಡಗೈ ಉಂಗುರವೂ ಹಾಗೇ ಇತ್ತು.

ಫಿಸಿಯೋ ಅಕ್ಕ
ನಿಮ್ಮ ಅಪ್ಪ ನನ್ನ ಎಷ್ಟೋ ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಗಮನಿಸುತ್ತಾರೆ. ಉಂಗುರ, ವಾಚು ತೆಗೆಸುವುದು ಮೊದಲ ಪಾಠ, ಅದನ್ನು ಅಲ್ಲಿ ಮರೆತಿದ್ದಾರೆ. ಗಾಯದ ಗುರುತಿನ ಮೇಲೆ ಮೈಬಣ್ಣದ ಚಿಕ್ಕ ಪ್ಲಾಸ್ಟರ್ ಅಂಟಿಸಿ. ಬಲಗೈಯಲ್ಲೂ ಅದೇ ಜಾಗಕ್ಕೆ ಒಂದು. ತೋಳು ಎರಡೂ ಕಡೆ ಒಂದೇ ಥರ ಮಡಚಿರಲಿ. ಇಡೀ ಆಟ ನಿಂತಿರುವುದೇ "ಇದು ನನ್ನ ಕೈ" ಅನ್ನುವ ನಂಬಿಕೆಯ ಮೇಲೆ.

ಬಡಗಿ ಮಾವ
ಕನ್ನಡಿ ಎಷ್ಟು ದೊಡ್ಡದು ಬೇಕು? ನನ್ನ ಷಡ್ಡಕನಿಗೆ ಮಾಡಿಕೊಡಬೇಕು. ಅಂಗಡಿಯ ಪೆಟ್ಟಿಗೆ ತೀರಾ ಚಿಕ್ಕದು, ಮೊಣಕೈ ಹೊರಗೇ ಉಳಿಯುತ್ತದೆ.

ಫಿಸಿಯೋ ಅಕ್ಕ
ಪೆಟ್ಟಿಗೆ ಬೇಡ ಮಾವ. ಮುಂಗೈ ಪೂರ್ತಿ ಕಾಣುವಷ್ಟು ದೊಡ್ಡ ಕನ್ನಡಿಯೇ ವಾಸಿ. ಎದೆಯ ಮಧ್ಯಕ್ಕೆ ನೇರ ನಿಲ್ಲಬೇಕು, ಅತ್ತಿತ್ತ ವಾಲಬಾರದು. ಅಂಚು ಉಜ್ಜಿ ನುಣುಪು ಮಾಡಿ, ಹಿಂದೆ ಗಟ್ಟಿ ಆಸರೆ ಕೊಡಿ. ಸ್ಪರ್ಶವೇ ಇಲ್ಲದ ಕೈ ಅದರ ಪಕ್ಕ ಇರುತ್ತದೆ. ಕುಯ್ದರೂ ಅವರಿಗೆ ಗೊತ್ತಾಗುವುದಿಲ್ಲ.

ಬಡಗಿ ಮಾವ
ಗಾಜು ಬಿಟ್ಟು ಅಕ್ರಿಲಿಕ್ ಕನ್ನಡಿ ಹಾಕುತ್ತೇನೆ. ಗಾಜಿನಷ್ಟು ಸುಲಭಕ್ಕೆ ಒಡೆಯುವುದಿಲ್ಲ. ಆದರೆ ತೆಳ್ಳಗಿನದು ತಗೊಂಡರೆ ಬಾಗಿ, ಕೈ ಸೋರೆಕಾಯಿ ಥರ ಕಾಣುತ್ತದೆ. ದಪ್ಪದ್ದೇ ತಗೊಳ್ಳಿ, ಹಿಂದೆ ಪ್ಲೈವುಡ್‌ಗೆ ಅಂಟಿಸಿ.

ಸುಮ್ನೆ ಓದುಗ
ಇಷ್ಟು ದಿನ ಓದುತ್ತಿದ್ದೆ ಅಷ್ಟೇ, ಇವತ್ತು ಕೇಳುತ್ತೇನೆ. ಒಳಗೆ ನಡೆಯುವುದು ಏನು? ಕೈ ಆಡಿಲ್ಲ, ಕಣ್ಣಿಗೆ ಮಾತ್ರ ಆಡಿದ ಹಾಗೆ ಕಂಡಿದೆ. ಅದರಿಂದ ಮೆದುಳಿಗೆ ಏನು ಲಾಭ?

ಗೋಡೆ ಹಿಡಿದವ
ಮಿರರ್ ನ್ಯೂರಾನ್ ಅನ್ನುವ ನರಕೋಶಗಳು! ಬೇರೆಯವರು ಕೈ ಆಡಿಸುವುದು ನೋಡಿದರೂ ನಮ್ಮ ಮೆದುಳಿನಲ್ಲಿ ಅದೇ ಜಾಗ ಚುರುಕಾಗುತ್ತದೆ. ಇಟಲಿಯ ಪಾರ್ಮಾದಲ್ಲಿ ಕೋತಿಗಳ ಮೇಲೆ ಕಂಡುಹಿಡಿದರು. ಹೆಸರಲ್ಲೇ ಮಿರರ್ ಇದೆ ನೋಡಿ.

ಸಂಶಯ ಪಿಶಾಚಿ
ಹೆಸರಲ್ಲಿ ಮಿರರ್ ಇದ್ದ ಮಾತ್ರಕ್ಕೆ ಮಿರರ್ ಥೆರಪಿಗೆ ಅದೇ ಕಾರಣ ಆಗಿಬಿಡುತ್ತದಾ? ಕುದುರೆಮುಖದಲ್ಲಿ ಕುದುರೆ ಹುಡುಕಿದ ಹಾಗಾಯಿತು.

ಫಿಸಿಯೋ ಅಕ್ಕ
ಇಲ್ಲಿ ಪಿಶಾಚಿ ಪರ ನಾನು. ಮಿರರ್ ನ್ಯೂರಾನ್ ಒಂದು ವಿವರಣೆ, ಅದೊಂದೇ ಅಲ್ಲ. ಒಂದಿಷ್ಟು ಜನ ಹೇಳುವುದು ಇದು: ಆಡದ ಕೈಯನ್ನು ಮೆದುಳು ನಿಧಾನಕ್ಕೆ ಲೆಕ್ಕದಿಂದ ಬಿಟ್ಟುಬಿಡುತ್ತದೆ. ಕನ್ನಡಿ ಗಮನವನ್ನು ಮತ್ತೆ ಆ ಕಡೆ ಎಳೆಯುತ್ತದೆ. ಇನ್ನೊಂದು ವಿವರಣೆ, "ಆಡು" ಅಂತ ಮೆದುಳು ಹೇಳಿದಾಗ ಪ್ರತಿಸಲ "ಆಡಲಿಲ್ಲ" ಅನ್ನುವ ಉತ್ತರವೇ ಕಣ್ಣಿನಿಂದ ವಾಪಸು ಬರುತ್ತಿತ್ತು. ಕನ್ನಡಿ ಇಟ್ಟರೆ "ಆಡಿತು" ಅನ್ನುವ ಉತ್ತರ ಹೋಗುತ್ತದೆ. ಮೂರೂ ಸ್ವಲ್ಪ ಸ್ವಲ್ಪ ನಿಜ ಇರಬಹುದು. ಈ ಜಗಳ ಇನ್ನೂ ಮುಗಿದಿಲ್ಲ.

ಎಡಗೈ ಬರಹಗಾರ
ಲೆಕ್ಕದಿಂದ ಬಿಡುವುದು ಅಂದಿರಲ್ಲ, ಅದು ನೂರಕ್ಕೆ ನೂರು ನಿಜ. ಎಷ್ಟೋ ಸಲ ಬಲಗೈ ಮೇಲೇ ಕೂತುಬಿಟ್ಟಿದ್ದೇನೆ. ಗೊತ್ತೇ ಆಗುತ್ತಿರಲಿಲ್ಲ.

ಗೋಡೆ ಹಿಡಿದವ
ಹಾಗಾದರೆ ಒಳ್ಳೆಯ ಕೈಯನ್ನು ಕಟ್ಟಿಹಾಕುವ ಚಿಕಿತ್ಸೆ ಇದೆಯಲ್ಲ, ಅದನ್ನೇ ಮಾಡಿಸಬಹುದಲ್ವಾ? ಒಳ್ಳೆಯ ಕೈಗೆ ದಪ್ಪ ಗವಸು ಹಾಕಿ ಬಿದ್ದ ಕೈಯಲ್ಲೇ ಎಲ್ಲ ಮಾಡಿಸುವುದು. ನನಗೆ ಅದರಿಂದಲೇ ಆಗಿದ್ದು.

ಫಿಸಿಯೋ ಅಕ್ಕ
ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟಾಬ್ ಅವರ ವಿಧಾನ ಅದು, ಒಳ್ಳೆಯದೇ. ಆದರೆ ಎಲ್ಲರಿಗೂ ಆಗುವುದಿಲ್ಲ. ಮಣಿಕಟ್ಟು ಒಂದು 20 ಡಿಗ್ರಿ, ಬೆರಳು ಒಂದು 10 ಡಿಗ್ರಿ ಆದರೂ ತಾವಾಗಿ ಮೇಲೆ ಬಿಚ್ಚಬೇಕು. ಬೆರಳೇ ಬಿಡಿಸಲಾಗದವರ ಒಳ್ಳೆಯ ಕೈಯನ್ನೂ ಕಟ್ಟಿದರೆ ಅವರು ಮೂಗು ತುರಿಸಿಕೊಳ್ಳುವುದು ಹೇಗೆ? ಕೈ ಸ್ವಲ್ಪವೂ ಆಡದವರೂ ಮಾಡಬಹುದು ಅನ್ನುವುದೇ ಕನ್ನಡಿಯ ದೊಡ್ಡ ಅನುಕೂಲ.

ಗೋಡೆ ಹಿಡಿದವ
ಓ, ನನಗೆ ಬೆರಳು ಆಗಲೇ ಬಿಚ್ಚುತ್ತಿತ್ತು. ಸರಿ ಸರಿ.

ಚುರುಕು ಕೈಗವಸು
ಸ್ನೇಹಿತರೇ, ಕನ್ನಡಿ ಹಳೆಯ ಕಾಲದ್ದು. 15 ದಿನದಲ್ಲಿ ಕೈ ಮೊದಲಿನಂತೆ ಆಗುವ ಎಲೆಕ್ಟ್ರಿಕ್ ಗ್ಲೌಸ್ ಬೇಕಾದವರು ನನಗೆ ಮೆಸೇಜ್ ಮಾಡಿ

ಮಾಡರೇಟರ್
ಇವರನ್ನು ಕಳುಹಿಸಿಕೊಡಲಾಗಿದೆ. ಮುಂದುವರಿಸಿ.

ಬಡಗಿ ಮಾವ
15 ದಿನದಲ್ಲಿ ಬಾಗಿಲ ಬಿಜಾಗರಿ ಕೂಡ ಸರಿ ಆಗುವುದಿಲ್ಲ.

ನಿದ್ದೆಗೆಟ್ಟ ಮಗಳು
ಪ್ಲಾಸ್ಟರ್ ಅಂಟಿಸಿದೆ. ಕೂತರು! ಹತ್ತು ನಿಮಿಷ. ಈಗ ಪ್ರಶ್ನೆ: ಕನ್ನಡಿಯ ಹಿಂದೆ ಬಲಗೈಯನ್ನೂ ಆಡಿಸಲು ಪ್ರಯತ್ನ ಮಾಡಬೇಕಾ, ಅಥವಾ ಎಡಗೈ ಮಾತ್ರವಾ? ಮತ್ತೆ ಫಿಸಿಯೋ ಲೋಟ, ಚೆಂಡು ಎಲ್ಲ ಕೊಟ್ಟು ಎತ್ತಿಸಿದ್ದರು. ಅದೂ ಬೇಕಾ?

ಫಿಸಿಯೋ ಅಕ್ಕ
ಎರಡೂ ಕೈ ಒಟ್ಟಿಗೆ ಪ್ರಯತ್ನಿಸಲಿ ಅಂತ ನಾನು ಹೇಳುತ್ತೇನೆ. ಹಿಂದಿನ ಕೈ ಆಡದಿದ್ದರೂ ಪರವಾಗಿಲ್ಲ.

ಸಂಶಯ ಪಿಶಾಚಿ
ಅಕ್ಕಾ, ಈ ಸಲ ನಾನು ಓದಿಕೊಂಡು ಬಂದಿದ್ದೇನೆ. 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಮಾಡಿ, ಹೇಗೆ ಮಾಡಿದರೆ ಜಾಸ್ತಿ ಲಾಭ ಅಂತ ನೋಡಿದ್ದಾರೆ. ದೊಡ್ಡ ಕನ್ನಡಿ ಚಿಕ್ಕದಕ್ಕಿಂತ ವಾಸಿ. ಒಳ್ಳೆಯ ಕೈ ಮಾತ್ರ ಆಡಿಸುವುದು ಎರಡನ್ನೂ ಆಡಿಸುವುದಕ್ಕಿಂತ ವಾಸಿ. ವಸ್ತು ಹಿಡಿದು ಮಾಡುವುದರಿಂದ ಲಾಭ ಕಡಿಮೆ, ಬರಿಗೈ ಚಲನೆಯೇ ಮೇಲು.

ಫಿಸಿಯೋ ಅಕ್ಕ
ನಂಬದವರೇ ಪುರಾವೆ ತಂದರು, ಅಬ್ಬಾ! ಒಪ್ಪುತ್ತೇನೆ. ಅದರಲ್ಲಿ ಒಂದು ತರ್ಕವೂ ಇದೆ. ಹಿಂದಿನ ಕೈ ಅರ್ಧಂಬರ್ಧ ಎಳೆದಾಡಿದರೆ ಕಣ್ಣಿಗೆ ಕಂಡಿದ್ದಕ್ಕೂ ಒಳಗೆ ಅನ್ನಿಸಿದ್ದಕ್ಕೂ ತಾಳೆ ಆಗುವುದಿಲ್ಲ. ಭ್ರಮೆ ಒಡೆಯುತ್ತದೆ. ಆದರೆ ಸ್ವಲ್ಪ ಚಲನೆ ಬಂದ ಮೇಲೆ ಎರಡೂ ಕೈ ಒಟ್ಟಿಗೆ ಅನ್ನುವುದನ್ನು ನಾನು ಬಿಡುವುದಿಲ್ಲ. ನನ್ನ ಕಣ್ಣಾರೆ ಕಂಡಿದ್ದೇನೆ.

ಮಗಳೇ, ಸದ್ಯಕ್ಕೆ ಹೀಗೆ ಮಾಡಿ. ಬರಿಗೈ, ಎಡಗೈ ಮಾತ್ರ. ಅಂಗೈ ಮೇಲೆ, ಅಂಗೈ ಕೆಳಗೆ. ಮಣಿಕಟ್ಟು ಮೇಲೆತ್ತುವುದು. ಮುಷ್ಟಿ ಬಿಚ್ಚುವುದು. ಹೆಬ್ಬೆರಳನ್ನು ಒಂದೊಂದೇ ಬೆರಳಿಗೆ ತಾಗಿಸುವುದು. ನಿಧಾನ, ತುಂಬಾ ನಿಧಾನ. ಅಧ್ಯಯನಗಳಲ್ಲಿ ಹೆಚ್ಚಾಗಿ ದಿನಕ್ಕೆ ಸುಮಾರು 30 ನಿಮಿಷ, ವಾರಕ್ಕೆ ಐದು ದಿನ, ನಾಲ್ಕು ವಾರ ಮಾಡಿಸಿದ್ದಾರೆ. ಅರ್ಧ ಗಂಟೆ ಒಂದೇ ಸಲ ಆಗದಿದ್ದರೆ ಎರಡು ಮೂರು ಭಾಗ ಮಾಡಿ. ಟಿವಿ ಆಫ್ ಇರಲಿ. ಕಣ್ಣು ಕನ್ನಡಿ ಬಿಟ್ಟು ಹೋದರೆ ಆ ಹೊತ್ತು ದಂಡ. ತಲೆಸುತ್ತು, ವಾಕರಿಕೆ ಬಂದರೆ ನಿಲ್ಲಿಸಿ, ಕೆಲವರಿಗೆ ಬರುತ್ತದೆ.

ಎರಡನೇ ಇನ್ನಿಂಗ್ಸ್
ನನ್ನ ಅನುಭವದ ಮಾತು, ಅದು ವ್ಯಾಯಾಮ ಅಲ್ಲ, ನೋಡುವ ಕೆಲಸ. ಕೈ ಸುಸ್ತಾಗುವುದಿಲ್ಲ, ಕಣ್ಣು ಮನಸ್ಸು ಸುಸ್ತಾಗುತ್ತದೆ. ನನಗೆ ಹನ್ನೆರಡು ನಿಮಿಷ ಆದ ಮೇಲೆ ಕನ್ನಡಿಯ ಕೈ ಬರೀ ಕನ್ನಡಿಯ ಕೈ ಆಗಿಬಿಡುತ್ತಿತ್ತು. ಅಲ್ಲಿಗೆ ನಿಲ್ಲಿಸುತ್ತಿದ್ದೆ.

ಸುಮ್ನೆ ಓದುಗ
ಒಂದು ವಿಚಿತ್ರ ಹೇಳಲಾ? ನನ್ನ ಚಿಕ್ಕಪ್ಪನಿಗೆ ಕೈ ಏನೂ ಆಡುತ್ತಿರಲಿಲ್ಲ. ಆದರೆ ಆಕಳಿಸಿದಾಗ ಅದೇ ಕೈ ತಾನಾಗಿ ಮೇಲೆದ್ದುಬಿಡುತ್ತಿತ್ತು! ಮನೆಯವರೆಲ್ಲ ಕೈ ಬಂತು ಅಂತ ಸಂಭ್ರಮ ಪಟ್ಟಿದ್ದರು.

ಎಡಗೈ ಬರಹಗಾರ
ನನಗೂ!! ಇದು ನನಗೊಬ್ಬನಿಗೇ ಅಂದುಕೊಂಡಿದ್ದೆ.

ಫಿಸಿಯೋ ಅಕ್ಕ
ಇಬ್ಬರದೂ ನಿಜ. ಆಕಳಿಕೆಗೆ ಕೈ ಏಳುವುದು ವೈದ್ಯರಿಗೆ ಗೊತ್ತಿರುವ ವಿಷಯವೇ. ಇಚ್ಛೆಯಿಂದ ಆಡಿಸುವ ದಾರಿ ಹಾಳಾಗಿದ್ದರೂ ಕೆಳಗಿನ ಹಳೆಯ ದಾರಿಗಳು ಉಳಿದಿರುತ್ತವೆ. ಆದರೆ ಅದನ್ನು ಚೇತರಿಕೆ ಅಂತ ಲೆಕ್ಕ ಹಾಕಬೇಡಿ. ಕೆಮ್ಮಿದಾಗ, ಗಾಬರಿಯಾದಾಗ ಕೈ ಮಡಚಿಕೊಳ್ಳುವುದೂ ಹಾಗೇ.

ಗೋಡೆ ಹಿಡಿದವ
ಕಾಲಿಗೂ ಕನ್ನಡಿ ಇಡಬಹುದಾ? ನನ್ನ ಪಾದ ಎಳೆಯುತ್ತದೆ, ಅದಕ್ಕೇ ಈ ಹೆಸರು.

ಫಿಸಿಯೋ ಅಕ್ಕ
ಇಡಬಹುದು. 2007ರಲ್ಲೇ ಕಾಲಿನ ಮೇಲೆ ಅಧ್ಯಯನ ಬಂದಿದೆ. ಎರಡು ಕಾಲಿನ ಮಧ್ಯೆ ಕನ್ನಡಿ, ಒಳ್ಳೆಯ ಪಾದ ಮೇಲೆತ್ತಿ ಇಳಿಸುವುದು. ಕೂತೇ ಮಾಡಿ, ನಿಂತು ಬೇಡ.

ನಿದ್ದೆಗೆಟ್ಟ ಮಗಳು
ಇವತ್ತು ಕೆಟ್ಟ ದಿನ. ಅಪ್ಪನ ಭುಜ ನೋಯುತ್ತಿದೆ. ಸಹಾಯಕ್ಕೆ ಬರುವವರು ಏಳಿಸುವಾಗ ಬಲಗೈ ಹಿಡಿದು ಎಳೆದರಂತೆ. ಕನ್ನಡಿ ಹತ್ತಿರವೂ ಬರಲಿಲ್ಲ. ಎಲ್ಲರ ಮೇಲೂ ಸಿಟ್ಟು. ಆರು ತಿಂಗಳು ಆದ ಮೇಲೆ ಏನೂ ಬರುವುದಿಲ್ಲ ಅಂತ ಯಾರೋ ಹೇಳಿದ್ದಾರೆ, ಅದನ್ನೇ ಲೆಕ್ಕ ಹಾಕುತ್ತಾ ಕೂತಿದ್ದಾರೆ. ಇನ್ನು ಆರೇ ವಾರ ಅಂತೆ.

ಫಿಸಿಯೋ ಅಕ್ಕ
ಮೊದಲು ಭುಜ. ಬಿದ್ದ ಕೈಯನ್ನು ಹಿಡಿದು ಎಳೆಯಲೇಬಾರದು, ಕಂಕುಳಲ್ಲಿ ಕೈ ಹಾಕಿ ಎತ್ತಲೂಬಾರದು. ಸ್ನಾಯು ಸಡಿಲ ಇದ್ದಾಗ ಕೀಲು ಜಾರುತ್ತದೆ. ಡಾಕ್ಟರಿಗೆ ತೋರಿಸಿ, ಕೂತಾಗ ಮುಂಗೈ ಕೆಳಗೆ ದಿಂಬು ಇಡಿ. ಕೈ ಊದಿಕೊಂಡು ಕೆಂಪಾಗಿ ಮುಟ್ಟಿದರೂ ಉರಿಯುತ್ತದೆ ಅಂದರೆ ತಡ ಮಾಡಬೇಡಿ, ಅದು ಬೇರೆಯೇ ತೊಂದರೆ.

ಎಡಗೈ ಬರಹಗಾರ
ಆರು ತಿಂಗಳ ಕಥೆ ನನಗೂ ಹೇಳಿದ್ದರು. ಹೇಳಿದವರ ಹೆಸರು ಈಗ ಬೇಡ. ಲೋಟ ನಾನು ಹಿಡಿದಿದ್ದು ಹದಿಮೂರನೇ ತಿಂಗಳಲ್ಲಿ. ಮೊದಲ ಮೂರು ತಿಂಗಳಲ್ಲಿ ಬಂದ ವೇಗ ಆಮೇಲೆ ಇರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಬಾಗಿಲು ಮುಚ್ಚಿ ಬೀಗ ಹಾಕಿದ ಹಾಗೂ ಇರಲಿಲ್ಲ.

ಸಂಶಯ ಪಿಶಾಚಿ
ಇದಕ್ಕೆ ನನ್ನ ತಕರಾರಿಲ್ಲ. 1999ರ ಆ ಒಂಬತ್ತು ಜನರೂ ಸ್ಟ್ರೋಕ್ ಆಗಿ ಆರು ತಿಂಗಳು ದಾಟಿದವರೇ. ಅಪ್ಪನಿಗೆ ಇದನ್ನು ಹೇಳಿ.

ಎರಡನೇ ಇನ್ನಿಂಗ್ಸ್
ಸಿಟ್ಟಿನ ಬಗ್ಗೆ ಒಂದು ಮಾತು. ಸ್ಟ್ರೋಕ್ ಆದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ನನಗೂ ಬಂದಿತ್ತು, ಮನೆಯವರು ಅದನ್ನು ಹಠ ಅಂದುಕೊಂಡರು. ಮಾತ್ರೆ ಶುರು ಆದ ಮೇಲೇ ನಾನು ಕನ್ನಡಿ ಮುಂದೆ ಸರಿಯಾಗಿ ಕೂತಿದ್ದು. ಡಾಕ್ಟರ ಹತ್ತಿರ ಭುಜದ ಜೊತೆ ಇದನ್ನೂ ಕೇಳಿ.

ನಿದ್ದೆಗೆಟ್ಟ ಮಗಳು
ಕೇಳುತ್ತೇನೆ. ಅದು ಹೊಳೆದೇ ಇರಲಿಲ್ಲ.

ಬಡಗಿ ಮಾವ
ಷಡ್ಡಕನ ಕನ್ನಡಿ ತಯಾರು. ಮಡಚುವ ಹಾಗೆ ಮಾಡಿದ್ದೇನೆ. ಮೊದಲ ದಿನ ಕೂತು ಹದಿನೈದು ನಿಮಿಷ ಮೀಸೆ ನೋಡಿಕೊಂಡ.

ನಿದ್ದೆಗೆಟ್ಟ ಮಗಳು
ಐದು ವಾರ ಆಯಿತು, ಹೇಳಿಬಿಡುತ್ತೇನೆ. ಭುಜ ವಾಸಿ. ಮಾತ್ರೆ ಶುರು ಮಾಡಿದ್ದಾರೆ. ಕನ್ನಡಿ ವಾರಕ್ಕೆ ನಾಲ್ಕೈದು ದಿನ ನಡೆಯುತ್ತದೆ.

ಮೊನ್ನೆ ನಾನು ಹಿಂದಿನಿಂದ ನೋಡುತ್ತಿದ್ದೆ. ಅಪ್ಪ ಎಡಗೈ ಹೆಬ್ಬೆರಳನ್ನು ಹೊರಗೆ ಬಿಚ್ಚುತ್ತಿದ್ದರು. ಕನ್ನಡಿಯ ಹಿಂದೆ ಬಲ ಹೆಬ್ಬೆರಳು ಒಂದು ಉಗುರಿನಷ್ಟು ಹೊರಗೆ ಸರಿಯಿತು. ಮತ್ತೆ ಒಳಗೆ. ಮತ್ತೆ ಹೊರಗೆ. ಅಪ್ಪನಿಗೆ ಅದು ಕಾಣುವುದಿಲ್ಲ, ಅವರು ಕನ್ನಡಿಯನ್ನೇ ನೋಡುತ್ತಿದ್ದರು. ನಾನು ಉಸಿರು ಬಿಡದೆ ನಿಂತಿದ್ದೆ. ಕನ್ನಡಿ ತೆಗೆದು ಈಗ ಮಾಡಿ ಅಂದರೆ ಏನೂ ಇಲ್ಲ! ಇದು ಲೆಕ್ಕಕ್ಕೆ ಬರುತ್ತದಾ, ಅಥವಾ ಆಕಳಿಕೆ ಥರವಾ?

ಸಂಶಯ ಪಿಶಾಚಿ
ಆಕಳಿಸುತ್ತಿರಲಿಲ್ಲ ತಾನೇ?

ನಿದ್ದೆಗೆಟ್ಟ ಮಗಳು
ಇಲ್ಲ ಸಾರ್!

ಫಿಸಿಯೋ ಅಕ್ಕ
ಎಡಗೈ ಜೋರಾಗಿ ಬಿಗಿದಾಗ ಬಲಗೈ ಜೊತೆಗೆ ಎಳೆದುಕೊಳ್ಳುವುದು ಬೇರೆ. ಅದು ಹೆಚ್ಚಾಗಿ ಮುಷ್ಟಿಯ ಕಡೆಗೇ ಮಡಚುತ್ತದೆ. ಹೊರಗೆ ಬಿಚ್ಚಿದ್ದು ಒಳ್ಳೆಯ ಸೂಚನೆ. ಆದರೆ ಇಲ್ಲಿ ಕೂತು ಖಾತರಿ ಕೊಡಲಾರೆ, ನಿಮ್ಮ ಫಿಸಿಯೋ ಕಣ್ಣಾರೆ ನೋಡಲಿ. ವಿಡಿಯೋ ಮಾಡಿಡಿ. ಇನ್ನೊಂದು ಪ್ರಯತ್ನ ಮಾಡಿ: ಕನ್ನಡಿ ಮುಗಿದ ತಕ್ಷಣ, ಎದ್ದು ಹೋಗುವ ಮೊದಲೇ, ಕನ್ನಡಿ ಇಲ್ಲದೆ ಅದೇ ಹೆಬ್ಬೆರಳನ್ನು ಹತ್ತು ಸಲ. ಬಂದರೂ ಬರದಿದ್ದರೂ.

ನಿದ್ದೆಗೆಟ್ಟ ಮಗಳು
ಇವತ್ತು ಸಂಜೆ ಮಾಡಿಸಿದೆ. ಮೊದಲ ಎರಡು ಸಲ ಏನೂ ಇಲ್ಲ. ಮೂರನೇ ಸಲ ಸರಿಯಿತು, ಅಪ್ಪನೂ ನೋಡಿದರು. ಆರನೇ ಸಲ ಮತ್ತೆ. ನಾನು ಫೋನ್ ತರಲು ಎದ್ದೆ. "ವಿಡಿಯೋ ಗಿಡಿಯೋ ಬೇಡ, ನೀನು ಹೊರಗೆ ಹೋಗು, ಬಾಗಿಲು ಹಾಕಿಕೋ" ಅಂದರು. ಅರ್ಧ ಗಂಟೆ ಆಯಿತು, ಇನ್ನೂ ಒಳಗೇ ಇದ್ದಾರೆ.